ಏನೂ ಮುಟ್ಟದ ಹತ್ತು ನಿಮಿಷ

"ಯಾವಾಗ ನಡುಗುತ್ತೆ?" ಎಂದು ಮೆಕ್ಯಾನಿಕ್ ಕೇಳಿದ.

"ನಿಂತಾಗ," ಎಂದಳು ಅವಳು. "ಓಡೋವಾಗ ಏನೂ ಇಲ್ಲ. ಸಿಗ್ನಲ್‌ನಲ್ಲಿ ನಿಂತ್ರೆ ಸಾಕು, ಶುರುವಾಗುತ್ತೆ."

"ಎಷ್ಟು ದಿನದಿಂದ?"

ಅವಳಿಗೆ ಗೊತ್ತಿರಲಿಲ್ಲ. ನಡುಕವನ್ನು ಮೊದಲು ಗಮನಿಸಿದವನು ಗಂಡ. ಕಳೆದ ವಾರ, ಪಕ್ಕದಲ್ಲಿ ಕೂತಿದ್ದಾಗ. ಆಸ್ಪತ್ರೆಯಲ್ಲಿ ದಿನಕ್ಕೆ ಇಪ್ಪತ್ತು ಜನರ ಕಿವಿ ಪರೀಕ್ಷೆ ಮಾಡುವವಳಿಗೆ ತನ್ನದೇ ಗಾಡಿಯ ಸದ್ದು ಕೇಳಿಸಿರಲಿಲ್ಲ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಇಬ್ಬರೂ ಸೇರಿ ನಕ್ಕ ನೆನಪಿಲ್ಲ.

ಇವತ್ತು ಬೆಳಿಗ್ಗೆ ಅವನು ಸೂಟ್‌ಕೇಸಿನ ಜಿಪ್ ಎಳೆಯುತ್ತ ಕೇಳಿದ್ದ, "ಹೋಗ್ಲಾ, ಬೇಡ್ವಾ?" ಬೇರೆ ಊರಿನಲ್ಲಿ ಕೆಲಸ, ಮೂರು ವರ್ಷಕ್ಕೆ. ಮೂರು ವರ್ಷ ಎನ್ನುವುದು ಬಾಯಿಮಾತು, ಹೋದವನು ಹೋದ ಹಾಗೆಯೇ ಎಂದು ಇಬ್ಬರಿಗೂ ಗೊತ್ತಿತ್ತು.

"ಸುಮ್ನೆ ಹೋಗಿ ಬನ್ನಿ."

"ಸುಮ್ನೆ ಅಂದ್ರೆ?"

ಅವಳು ತಟ್ಟೆ ತೊಳೆಯುತ್ತಿದ್ದಳು.

"ನಾಲ್ಕೂವರೆಗೆ ಬಸ್ಸು," ಎಂದ. "ಹತ್ತೋಕೆ ಮುಂಚೆ ಫೋನ್ ಮಾಡ್ತೀನಿ. ಬೇಡ ಅಂತ ಒಂದು ಮಾತು ಹೇಳು, ವಾಪಸ್ ಬರ್ತೀನಿ. ಫೋನ್ ಎತ್ತದಿದ್ರೆ ಅದೇ ಉತ್ತರ ಅಂದ್ಕೋತೀನಿ."

ಹನ್ನೊಂದು ವರ್ಷಗಳಲ್ಲಿ ಅವನು ಇಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ. ಗ್ಯಾರೇಜಿಗೆ ಬರುವ ದಾರಿಯಲ್ಲಿ ಅವಳು 'ಬೇಡ' ಎಂದು ಎರಡು ಸಲ ಜೋರಾಗಿ ಹೇಳಿ ನೋಡಿಕೊಂಡಿದ್ದಳು. ಹೇಳಲು ಬರುತ್ತಿತ್ತು.

ಗ್ಯಾರೇಜಿನಲ್ಲಿ ಎಲ್ಲರೂ ಮೆಕ್ಯಾನಿಕ್‌ನನ್ನು 'ಮಾವ' ಎನ್ನುತ್ತಿದ್ದರು, ಅವನಿಗಿಂತ ದೊಡ್ಡವರೂ. ಮಾವ ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ಪರದೆಯ ಮೇಲೊಂದು ಅಂಕಿ ತೋರಿಸಿದ. ಇಪ್ಪತ್ತೈದು.

"ಎಲ್ಲಿಂದಲೋ ಗಾಳಿ ಕದ್ದು ಒಳಗೆ ಹೋಗ್ತಿದೆ ಮೇಡಂ. ಓಡೋವಾಗ ಎಂಜಿನ್ ಎಳೆಯೋ ಗಾಳಿ ಮುಂದೆ ಅದು ಲೆಕ್ಕಕ್ಕೇ ಇಲ್ಲ. ನಿಂತಾಗ್ಲೇ ತೊಂದರೆ. ಕಂಪ್ಯೂಟರಿಗೆ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತೆ, ಏನಂತ ಗೊತ್ತಾಗಲ್ಲ. ಪೆಟ್ರೋಲ್ ಒಂಚೂರು ಜಾಸ್ತಿ ಬಿಡುತ್ತೆ. ಆಮೇಲೆ ಇನ್ನೊಂಚೂರು. ಹೀಗೇ ಸಂಭಾಳಿಸ್ಕೊಂಡು ಬಂದಿದೆ, ಎರಡು ವರ್ಷವಾದ್ರೂ ಆಗಿರಬೇಕು."

"ಯಾರಿಗೂ ಹೇಳದೆ?"

"ಇಪ್ಪತ್ತೈದು ಪರ್ಸೆಂಟ್ ಜಾಸ್ತಿ ಬಿಡೋ ತನಕ ಹೇಳಲ್ಲ. ಅದರಾಚೆ ಅದಕ್ಕೂ ಕೈಲಾಗಲ್ಲ. ಆಗ ಡ್ಯಾಶ್‌ಬೋರ್ಡಲ್ಲಿ ದೀಪ ಹಚ್ಚುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಮಾವನ ಮುಖ ನೋಡಿದಳು. ಅವನು ಅಂಕಿಯನ್ನೇ ನೋಡುತ್ತಿದ್ದ. ಎರಡು ವರ್ಷ ತನ್ನ ಕಾಲಿನ ಒಂದಡಿ ಮುಂದೆ ಒಂದು ವಸ್ತು ಪ್ರತಿ ಕ್ಷಣವೂ ಅಳೆದು, ತೂಗಿ, ತಪ್ಪನ್ನು ಮುಚ್ಚುತ್ತ ಬಂದಿತ್ತು. ಅವಳಿಗೆ ಬೆರಗಾಯಿತು. ಬೆರಗಿನ ಜೊತೆ ಸಣ್ಣ ಭಯವೂ ಆಯಿತು.

ಮಾವ ಎಂಜಿನ್ ಆರಿಸಿ, ಗಾಳಿ ಹೋಗುವ ಕೊಳವೆಯೊಳಕ್ಕೆ ಒಂದು ಯಂತ್ರದಿಂದ ಬಿಳಿ ಹೊಗೆ ತುಂಬಿದ. "ಈಗ ನೋಡ್ತಿರಿ. ಎಲ್ಲಿ ಒಡೆದಿದೆಯೋ ಅಲ್ಲಿಂದ ಅದಾಗೇ ಆಚೆ ಬರುತ್ತೆ."

ಇಬ್ಬರೂ ಬಾನೆಟ್ಟಿನ ಕೆಳಗೆ ತಲೆ ಬಗ್ಗಿಸಿ ನಿಂತರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಪ್ಪು ಪೈಪುಗಳ ಸಂದಿಯಲ್ಲಿ, ಯಾರ ಕೈಯೂ ಹೋಗದಷ್ಟು ಆಳದಲ್ಲಿ, ಹೊಗೆಯ ಎಳೆಯೊಂದು ಎದ್ದಿತು. ತೆಳ್ಳಗೆ, ನೆಟ್ಟಗೆ, ಒಂದಿಷ್ಟೂ ಅವಸರವಿಲ್ಲದೆ. ಅವಳು ಅದನ್ನೇ ನೋಡಿದಳು. ಮದುವೆಯ ಹನ್ನೊಂದು ವರ್ಷಗಳ ಮೇಲೆ ಯಾರಾದರೂ ಹೀಗೆ ಹೊಗೆ ಬಿಟ್ಟು ತೋರಿಸಬಾರದೇ ಅನ್ನಿಸಿತು.

ಗೇಣುದ್ದದ ರಬ್ಬರ್ ಪೈಪು. ಬಗ್ಗಿಸಿದರೆ ಮಾತ್ರ ಕಾಣುವ ಸೀಳು. ಮಾವ ಹೊಸದು ಹಾಕಿದ.

"ಇಷ್ಟೇನಾ?"

"ಪೈಪಿನದು ಇಷ್ಟೇ. ಗಾಡಿದು ಇನ್ನೂ ಇದೆ. ಇಷ್ಟು ದಿನ ಪೆಟ್ರೋಲ್ ಜಾಸ್ತಿ ಬಿಟ್ಟು ಬಿಟ್ಟು ಅದಕ್ಕೆ ಅದೇ ಅಭ್ಯಾಸ ಆಗಿದೆ. ಆ ನೆನಪೆಲ್ಲ ಅಳಿಸಿದೀನಿ. ಈಗ ಹೊಸದಾಗಿ ನಿಲ್ಲೋದು ಕಲೀಬೇಕು. ನನಗೆ ಅಲ್ಲೊಂದು ಗಾಡಿ ಇದೆ, ನೀವೇ ಒಳಗೆ ಕೂತಿರಿ. ಎಸಿ ಬೇಡ, ಲೈಟ್ ಬೇಡ, ಪೆಡಲ್ ಬೇಡ. ಹತ್ತು ನಿಮಿಷ ಏನೂ ಮುಟ್ಟಬೇಡಿ. ಮುಟ್ಟಿದ್ರೆ ಮತ್ತೆ ಮೊದಲಿಂದ."

"ನಾನೇನು ಮಾಡ್ಲಿ?"

"ಸುಮ್ನೆ ಕೂತಿರಿ. ಅದೇ ಕೆಲಸ."

ನಾಲ್ಕು ಹದಿನಾರಕ್ಕೆ ಎಂಜಿನ್ ಶುರುವಾಯಿತು. ಅವಳು ಕೈಗಳನ್ನು ಮಡಿಲಲ್ಲಿಟ್ಟು ಪಾದಗಳನ್ನು ಹಿಂದಕ್ಕೆಳೆದುಕೊಂಡಳು. ಮೊದಲು ಗಾಡಿ ತಡಬಡಾಯಿಸಿತು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಏರಿತು, ಕುಸಿಯಿತು, ಇನ್ನೇನು ಆರಿಹೋಯಿತು ಎನ್ನುವಾಗ ಮತ್ತೆ ಏರಿತು. ಆಮೇಲೆ ಆ ಏರಿಳಿತ ಸಣ್ಣದಾಗುತ್ತ ಬಂತು. ಯಾರೂ ಹೇಳಿಕೊಡದೆ ಅದು ತನ್ನಷ್ಟಕ್ಕೆ ಕಲಿಯುತ್ತಿತ್ತು. ಅವಳ ಕಣ್ಣು ತುಂಬಿತು. ಇಷ್ಟು ದೊಡ್ಡದನ್ನು ಇಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ.

ಪಕ್ಕದ ಸೀಟಿನಲ್ಲಿ ಫೋನ್ ಹೊಡೆದುಕೊಂಡಿತು.

ಗಂಡನ ಫೋನು. ಫೋನಿಗೂ ಎಂಜಿನ್ನಿಗೂ ಯಾವ ಸಂಬಂಧವೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಮಾವ ಹೇಳಿದ್ದು ಪೆಡಲ್ಲಿನ ಮಾತು, ಎಸಿಯ ಮಾತು. ಆದರೂ 'ಏನೂ ಮುಟ್ಟಬೇಡಿ' ಎಂದಿದ್ದ. ಮುಳ್ಳು ಈಗಷ್ಟೇ ನಿಲ್ಲುತ್ತಿತ್ತು. ತಾನು ಕದಲಿದರೆ, ಬಾಯಿ ತೆರೆದರೆ, ಅದು ಬೆದರುತ್ತದೆ ಅನ್ನಿಸಿತು. ಫೋನ್ ಅದುರುತ್ತ ಸೀಟಿನ ಅಂಚಿನವರೆಗೆ ಸರಿಯಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ನಿಂತಿತು.

ಮಾವ ಕೈ ಒರೆಸಿಕೊಳ್ಳುತ್ತ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಕಿಟಕಿಯ ಹತ್ತಿರ ಬಗ್ಗಿದ. "ಆಯ್ತು ಮೇಡಂ, ಕಲ್ತುಬಿಡ್ತು. ಇನ್ನು ಮುಟ್ಟಬಹುದು."

ನಾಲ್ಕು ಇಪ್ಪತ್ತೇಳು. ಬಸ್ಸಿಗೆ ಇನ್ನೂ ಮೂರು ನಿಮಿಷ ಇತ್ತು. ಲೆಕ್ಕ ಅವಳಿಗೆ ಸರಿಯಾಗಿಯೇ ಬಂತು. ಮಡಿಲಲ್ಲಿದ್ದ ಕೈಗಳು ಮೇಲೇಳಲಿಲ್ಲ.

"ಮೇಡಂ?"

ಗಾಜಿನಾಚೆ, ಎರಡು ಮಾರು ದೂರದಲ್ಲಿ, ಗ್ಯಾರೇಜಿನ ಬರೀ ಗೋಡೆ. ವೇಗದ ಮುಳ್ಳು ಸೊನ್ನೆಯ ಮೇಲಿತ್ತು, ಇನ್ನೊಂದು ಏಳುನೂರರ ಮೇಲೆ. ನಿಮಿಷಕ್ಕೆ ಏಳುನೂರು ಸುತ್ತು ತಿರುಗುತ್ತ, ಸದ್ದಿಲ್ಲದೆ, ಚೂರೂ ನಡುಗದೆ, ಗಾಡಿ ಗೋಡೆಗೆ ಮುಖಮಾಡಿ ನಿಂತೇ ಇತ್ತು.