ಕರಿ ಎರಡು

ಗದಿಗೆಪ್ಪ ಬುವಾ ಮಂಚದಡಿಯಿಂದ ಹಾರ್ಮೋನಿಯಂ ಪೇಟಿಯನ್ನು ಅರ್ಧ ಎಳೆದಿದ್ದ. ಕಾಶವ್ವ ಅದನ್ನು ಕಾಲಿನಿಂದಲೇ ಹಿಂದಕ್ಕೆ ನೂಕಿದಳು.

"ಅದನ್ನ ಮುಟ್ಟಬ್ಯಾಡ್ರಿ."

"ಪೇಟಿಗೆ ಕಾಲು ಹಚ್ಚತಿ ಏನವಾ?" ಬುವಾನ ಮುಖ ಕೆಂಪಗಾಯಿತು. "ರವಿವಾರ ದಾದರದಾಗ ನನ್ನ ಮೈಫಿಲ್ ಐತಿ. ಸಿದ್ದಲಿಂಗ ಅಂತೂ ಹ್ವಾದ. ಅವನ ಪೇಟಿನಾದ್ರೂ ನನ್ನ ಸಂಗಾಟ ಬರಲಿ."

"ನನ್ನ ಗಂಡನ್ನ ಇನ್ನೂ ಹೊರಗ ಒಯ್ದಿಲ್ಲರಿ ಬುವಾ. ಅಷ್ಟು ಅವಸರ ಏನೈತಿ?"

ಗ್ರಾಂಟ್ ರೋಡಿನ ಆ ಚಾಳಿನ ಖೋಲಿಯಲ್ಲಿ ಸಿದ್ದಲಿಂಗಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಲಿಂಗಾಯತರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕತ್ತು ವಾಲದಂತೆ ಗಲ್ಲಕ್ಕೊಂದು ಬಿಳಿ ಬಟ್ಟೆ. ಹೊರಗೆ ಗ್ಯಾಲರಿಯ ತುಂಬ ಜನ. ಅವರಲ್ಲಿ ಮುಕ್ಕಾಲು ಮಂದಿ ಗವಾಯಿ ಗದಿಗೆಪ್ಪ ಬುವಾ ಬಂದಿದ್ದಾನೆಂದು ಬಂದವರು. ಹೆಣಕ್ಕೆ ಒಂದು ಸಲ ಕೈಮುಗಿಯುವುದು, ಆಮೇಲೆ ಕಣ್ಣೆಲ್ಲ ಬುವಾನ ಮೇಲೆ. ಕಾಶವ್ವ ಅದನ್ನೆಲ್ಲ ನೋಡುತ್ತಲೇ ಇದ್ದಳು. ಸತ್ತ ದಿನವಾದರೂ ತನ್ನ ಗಂಡನನ್ನು ಈ ಜನ ಕಣ್ಣು ತುಂಬ ನೋಡಬಾರದೇ?

*

ಸಿದ್ದಲಿಂಗಪ್ಪ ಇಪ್ಪತ್ತೆರಡು ವರ್ಷ ಬುವಾನಿಗೆ ಪೇಟಿ ಸಾಥ್ ಕೊಟ್ಟವನು. ಬುವಾ ಉಸಿರು ತೆಗೆದುಕೊಳ್ಳುವಾಗ ಸ್ವರ ತುಂಬುವುದು, ದಾರಿ ತಪ್ಪಿದರೆ ಮೆಲ್ಲಗೆ ಎಳೆದು ತರುವುದು, ಹೆಸರು ಮಾತ್ರ ಎಲ್ಲೂ ಬಾರದಂತೆ ಕೂಡುವುದು ಅವನ ಕೆಲಸ. ಒಮ್ಮೆ ಗಿರಗಾಂವದಲ್ಲಿ ಜನ ಪೇಟಿಗೆ ಚಪ್ಪಾಳೆ ತಟ್ಟಿಬಿಟ್ಟರು. ಬುವಾ ಹಾಡು ನಿಲ್ಲಿಸಿ, "ಇಲ್ಲಿ ಹಾಡಾಂವ ನಾನಪಾ, ನೀ ಅಲ್ಲ," ಎಂದ. ಸಭೆ ನಕ್ಕಿತು. ಸಿದ್ದಲಿಂಗಪ್ಪನೂ ನಕ್ಕ. ಹೆಂಗಸರ ಸಾಲಿನಲ್ಲಿದ್ದ ಕಾಶವ್ವ ಮಾತ್ರ ನಗಲಿಲ್ಲ.

ಅರವತ್ತು ದಾಟಿದರೂ ತಾನು ಪೇಟಿಯ ಎರಡನೆಯ ಕರಿಪಟ್ಟಿಯನ್ನೇ ಷಡ್ಜ ಮಾಡಿಕೊಂಡು ಹಾಡುತ್ತೇನೆ, ಆ ಎತ್ತರ ಹರೆಯದವರಿಗೂ ದಕ್ಕುವುದಿಲ್ಲ ಎಂದು ಬುವಾನಿಗೆ ದೊಡ್ಡ ಜಂಬ. ಆ ಕರಿ ಎರಡರ ಗುಟ್ಟು ಸಿದ್ದಲಿಂಗಪ್ಪ ಮತ್ತು ಕಾಶವ್ವನಿಗೆ ಮಾತ್ರ ಗೊತ್ತಿತ್ತು. ಐದು ವರ್ಷದ ಹಿಂದೆ ಬುವಾನ ದನಿ ಇಳಿಯತೊಡಗಿದಾಗ ಸಿದ್ದಲಿಂಗಪ್ಪ ಪೇಟಿ ಬಿಚ್ಚಿ, ಒಳಗೆ ನುಡಿಯುವ ಹಿತ್ತಾಳೆಯ ಒಂದೊಂದೇ ರೀಡಿನ ಬುಡ ಕೆರೆದು ಸ್ವರ ಇಳಿಸಿದ. ಮರುವರ್ಷ ಮತ್ತೆ ಇಳಿಸಿದ. ತಂಬೂರಿ, ತಬಲಾ ಎಲ್ಲ ಆ ಪೇಟಿಗೇ ಶ್ರುತಿ ಕೂಡುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಬೆರಳು ಕರಿ ಎರಡರ ಮೇಲೆ, ಸ್ವರ ಒಂದೂವರೆ ಪಟ್ಟಿ ಕೆಳಗೆ. ಬುವಾನ ಮುಂದೆ ಬೇರೆ ಪೇಟಿ ಬರಕೂಡದೆಂದು ಲೋಕಲ್ ರೈಲಿನಲ್ಲಿ, ಟ್ರಾಮಿನಲ್ಲಿ ಅದನ್ನು ತಾನೇ ಹೊತ್ತು ತಿರುಗಿದ.

"ಅವಗ ಹೇಳಿಬಿಡ್ರಿ. ಯಾಕ ಒದ್ದಾಡತೀರಿ?" ಎಂದು ಕಾಶವ್ವ ಕೇಳಿದ್ದಳು.

"ಹೇಳಿದ್ರ ಹಾಡೂದ ಬಿಡತಾನ. ಆಮ್ಯಾಲೆ ನಾ ಯಾರಿಗೆ ನುಡಿಸ್ಲಿ? ನನ್ನ ಆಣಿ ಐತಿ, ಯಾರ ಮುಂದೂ ಬಾಯಿ ಬಿಡಬ್ಯಾಡ."

*

"ಪೇಟಿ ಮಾತು ಆಮ್ಯಾಲೆ," ಎಂದ ಬುವಾ, ಗ್ಯಾಲರಿಗೆ ಕೇಳುವಂತೆ. "ಮೊದಲ ಒಂದು ಭಜನಿ ಹೇಳತೀನಿ. ನಾ ಹಾಡದ ಅವಗ ಮಣ್ಣು ಕೊಡಬಾರದು."

ಕಾಶವ್ವ ಬಾಗಿಲಲ್ಲಿದ್ದ ಮುರಿಗೆಪ್ಪನ ಕಡೆ ತಿರುಗಿದಳು. ಅವನು ಗಿರಣಿ ಕೆಲಸಗಾರ, ಚಾಳಿನ ಸೋಮವಾರದ ಭಜನೆಗೆ ಪೇಟಿ ನುಡಿಸುವವನು.

"ಮುರಿಗೆಪ್ಪಣ್ಣ, ನಿಮ್ಮ ಭಜನಿ ಪೇಟಿ ತರ್ರಿ."

ಅವಳು ಆಣೆ ಮುರಿಯಲಿಲ್ಲ. ಏನು ಮಾಡುತ್ತಿದ್ದೇನೆಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಯಾವ ಪಟ್ಟಿರಿ ಬುವಾ?" ಮುರಿಗೆಪ್ಪ ತನ್ನ ಪೇಟಿ ತಂದಿಳಿಸಿ ಕೇಳಿದ.

"ಇದೇನು ಕೇಳತಿ? ಕರಿ ಎರಡು."

ಮೊದಲ ಸಾಲು ಹೇಗೋ ದಾಟಿತು. ಮೇಲಿನ ಷಡ್ಜಕ್ಕೆ ಏರುವಾಗ ದನಿ ಒಡೆಯಿತು. ಬುವಾ ಕೆಮ್ಮಿ, ನೀರು ಕುಡಿದು ಮತ್ತೆ ಏರಿದ. ಮತ್ತೆ ಒಡೆಯಿತು. ಮೂರನೆಯ ಸಲ ಬರೀ ಗಾಳಿ ಬಂತು. ಕಾಶವ್ವನಿಗೆ ಖುಷಿಯಾಯಿತು. ಆ ಖುಷಿಯನ್ನು ಅವಳು ಮುಚ್ಚಿಡಲೂ ಹೋಗಲಿಲ್ಲ.

"ಯಾಕ್ರಿ ಬುವಾ, ದಿನಾ ಹಾಡೂ ಪಟ್ಟಿ ಅಲ್ಲೇನ್ರಿ ಅದು?"

ಬುವಾ ಮುರಿಗೆಪ್ಪನ ಬೆರಳನ್ನು ನೋಡಿದ. ಬೆರಳು ಸರಿಯಾದ ಜಾಗದಲ್ಲೇ ಇತ್ತು. ಮಂಚದ ಕಡೆ ನೋಡಿದ. ಮೊಣಕಾಲೂರಿ ಹೋಗಿ ಸಿದ್ದಲಿಂಗಪ್ಪನ ಪೇಟಿಯನ್ನು ಎಳೆದ. ಈ ಸಲ ಕಾಶವ್ವ ತಡೆಯಲಿಲ್ಲ.

"ಮುರಿಗೆಪ್ಪ, ಆ ಸ್ವರಾ ಹಿಡಕೊಂಡಿರು. ಬಿಡಬ್ಯಾಡ."

ಪೇಟಿಯ ತಿದಿ ಒತ್ತಿ ಅದೇ ಕರಿಪಟ್ಟಿಯ ಮೇಲೆ ಬೆರಳಿಟ್ಟ. ಎರಡು ಸ್ವರಗಳು ಒಂದಕ್ಕೊಂದು ಹೊಂದದೆ ಕಚ್ಚಾಡಿ ಖೋಲಿಯನ್ನು ತುಂಬಿದವು. ಬೆರಳು ತೆಗೆದು ಮತ್ತೆ ಒತ್ತಿದ. ಹಾಗೇ ಕೇಳಿಸಿತು.

"ಎಷ್ಟು ವರ್ಷ ಆತು?"

"ಐದು." ಆಣೆ ಅಲ್ಲಿಗೆ ಮುರಿಯಿತು. ಮುರಿಯಲಿ ಎಂದುಕೊಂಡಳು.

"ನನಗ ಮೋಸ ಮಾಡಿದ ಮಗ."

"ಹೌದ್ರಿ. ಐದು ವರ್ಷ ನಿಮ್ಮನ್ನ ಹಾಡಿಸಿದ."

ಮುರಿಗೆಪ್ಪ ಮೆಲ್ಲಗೆ ಕೈ ತೆಗೆದ. ಗ್ಯಾಲರಿಯ ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ಒಳಗೆ ಬಂದರು. ನೆಲದ ಮೇಲೆ ಕೂತಿದ್ದ ಬುವಾನನ್ನು ಬಳಸಿಕೊಂಡು ಮುಂದೆ ಹೋಗಿ, ಸಿದ್ದಲಿಂಗಪ್ಪನ ತೊಡೆಯ ಮೇಲಿದ್ದ ಬಲಗೈಯ ಬೆರಳುಗಳನ್ನು ನೋಡುತ್ತ ನಿಂತರು.