ಚಂಪವ್ವನ ತಾರೀಖು

"ಏನ್ ಕೌಜಲಗಿ, ನಿಮ್ ಹೈಕೋರ್ಟ್‌ನ ನಿಮ್ಮೂರಿಗೇ ಕಟ್ಟಿ ಕಳ್ಸಿದ್ವಲ್ಲಪ್ಪ, ಇನ್ನೂ ಇಲ್ಲೇನ್ ಬಿಟ್ಟೋಗಿದ್ದೆ?"

ಟೈಪಿಸ್ಟ್ ಮುನಿಚನ್ನಪ್ಪ ತಮಾಷೆಗೆ ಕೇಳಿದ್ದ. ಬೆಂಗಳೂರಿನ ಹೈಕೋರ್ಟಿನ ಹೊರಗೆ ಮರದ ಕೆಳಗೆ ಅವನ ಮೇಜು, ಇಪ್ಪತ್ತು ವರ್ಷದಿಂದ ಅದೇ ಮೇಜು. ಅಡಿವೆಪ್ಪ ಕೌಜಲಗಿ ಬಗಲಲ್ಲಿದ್ದ ಕೆಂಪು ಬಟ್ಟೆಯ ಕಟ್ಟನ್ನು ಅದರ ಮೇಲಿಟ್ಟು, ನಗುತ್ತಲೇ ಉತ್ತರ ಕೊಟ್ಟ: "ಇವತ್ತ ಚಂಪವ್ವಂದು ಐತಪ. ಒಂದನೇ ಹಾಲ್, ಹದಿನೇಳನೇ ನಂಬರ."

ಅಂದವನ ಬಾಯಿ ಹಾಗೇ ನಿಂತುಬಿಟ್ಟಿತು. ಮುನಿಚನ್ನಪ್ಪ ಅಂದಿನ ಪ್ರಕರಣಗಳ ಪಟ್ಟಿ ತೆಗೆದು ಬೆರಳಿಟ್ಟು ಮೇಲಿಂದ ಕೆಳಕ್ಕೆ ಎರಡು ಸಲ ಇಳಿದ. ಇಳಿಯುವ ಅಗತ್ಯವೇ ಇರಲಿಲ್ಲ. ಒಂದನೇ ಹಾಲ್ ನಿಜ, ಹದಿನೇಳನೇ ನಂಬರೂ ನಿಜ. ಆದರೆ ಅದು ಧಾರವಾಡದ ಹೊಸ ಸಂಚಾರಿ ಪೀಠದ ಒಂದನೇ ಹಾಲ್. ಗಂಟೆ ಒಂಬತ್ತೂಕಾಲು. ಹತ್ತೂವರೆಗೆ ನ್ಯಾಯಮೂರ್ತಿಗಳು ಅಲ್ಲಿ ಕೂರುತ್ತಾರೆ. ಚಂಪವ್ವನ ಹದಿನಾಲ್ಕು ವರ್ಷದ ಕಾಗದಪತ್ರ ಮಾತ್ರ ಇಲ್ಲಿ, ಮುನಿಚನ್ನಪ್ಪನ ಮೇಜಿನ ಮೇಲೆ, ನಾನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ ಕೂತಿತ್ತು.

"ಅಯ್ಯೋ ನಿನ್ನ," ಎಂದ ಮುನಿಚನ್ನಪ್ಪ. "ಪೀಠ ಬೇಕು ಅಂತ ಉಪವಾಸ ಕೂತಿದ್ದೋನು ನೀನೇ ಅಲ್ವೇನೋ?"

ಕೂತಿದ್ದವನು ಅವನೇ. ಧಾರವಾಡದ ಕೋರ್ಟಿನ ಮುಂದೆ ಪೆಂಡಾಲ್ ಹಾಕಿ ವಕೀಲರು ಸರದಿ ಉಪವಾಸ ಮಾಡಿದಾಗ, ಕಾರಕೂನರ ಪೈಕಿ ಹೆಚ್ಚು ದಿನ ಕೂತವನು ಅಡಿವೆಪ್ಪ. ಆ ಊರಿನ ಕಾಗದಗಳಿಗೆ ರೈಲಿನಲ್ಲಿ ತಿರುಗುವ ಹಣೆಬರಹ ಬಹಳ ಹಳೆಯದು. ರಾಜ್ಯ ಒಂದಾಗುವ ಮೊದಲು ಮೇಲ್ಮನವಿಗಳು ಮುಂಬಯಿಗೆ ಹೋಗುತ್ತಿದ್ದವು. ಐವತ್ತಾರರ ನಂತರ ಬೆಂಗಳೂರಿಗೆ ಹೋದವು. ದಿಕ್ಕು ಬದಲಾಯಿತೇ ಹೊರತು ಹೊರುವುದು ತಪ್ಪಲಿಲ್ಲ. ಸವಣೂರ ವಕೀಲರ ಕಚೇರಿಯಲ್ಲಿ ಮೂವತ್ತೊಂದು ವರ್ಷ ಹೊತ್ತವನು ಅಡಿವೆಪ್ಪ. ಒಬ್ಬರೇ ನ್ಯಾಯಮೂರ್ತಿ ಕೇಳುವ ಪ್ರಕರಣ ಯಾವುದು, ಇಬ್ಬರು ಕೂತು ಕೇಳುವುದು ಯಾವುದು, ಯಾವ ಕಿಟಕಿಯಲ್ಲಿ ಯಾವ ಆಕ್ಷೇಪ ಎತ್ತುತ್ತಾರೆ, ಯಾರನ್ನು ಅಣ್ಣಾ ಅನ್ನಬೇಕು, ಯಾರನ್ನು ಸರ್ ಅನ್ನಬೇಕು, ಎಲ್ಲ ಅವನಿಗೆ ಗೊತ್ತು. ಈಗ ಪೀಠ ಊರಿಗೆ ಬಂದು ತಿಂಗಳ ಮೇಲಾಗಿತ್ತು. ಬೆಂಗಳೂರಿನಿಂದ ಬರಬೇಕಾದ ಕೆಲವು ಕಡತಗಳನ್ನು ಹುಡುಕಿಸಲು ಈ ತಿಂಗಳಲ್ಲೇ ಅವನು ಎರಡು ಸಲ ಬಂದುಹೋಗಿದ್ದ. ಹಾಗಾಗಿ ನಿನ್ನೆ ರವಿವಾರ ಅವನು ಕಟ್ಟು ಕಟ್ಟಿದಾಗ ಹೆಂಡತಿ ಏನೂ ಕೇಳದೆ ರೊಟ್ಟಿ ಕಟ್ಟಿದಳು. ರಿಕ್ಷಾದವನು ಏನೂ ಕೇಳದೆ ಸ್ಟೇಶನ್ನಿಗೆ ಬಿಟ್ಟ. ಕಾಲಿಗೆ ಬುದ್ಧಿ ಇರುವುದಿಲ್ಲ ಅನ್ನಬಹುದು. ಅವತ್ತು ತಲೆಗೂ ಇರಲಿಲ್ಲ.

ಅವನು ಮೊಬೈಲ್ ತೆಗೆದು ವಕೀಲರಿಗೆ ಹಚ್ಚಿದ.

"ಎಲ್ಲಿದ್ದೀಯೋ ಮಾರಾಯಾ?" ಸವಣೂರ ವಕೀಲರ ದನಿ ಮುನಿಚನ್ನಪ್ಪನಿಗೂ ಕೇಳಿಸಿತು. "ಚಂಪವ್ವ ಎಂಟಕ್ಕನ ಬಂದು ಕಚೇರಿ ಪಾವಟಿಗಿ ಮ್ಯಾಲೆ ಕೂತಾಳ. ಫೈಲ್ ತೊಗೊಂಡು ಲಗೂನ ಬಾ."

"ಫೈಲ್ ನನ್ನ ಹತ್ರನ ಐತ್ರಿ ಸಾಹೇಬ್ರ. ನಾನು... ಬೆಂಗಳೂರಾಗ ಅದೀನ್ರಿ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

"ಯಾವ ಬೆಂಗಳೂರು?"

"ಬೆಂಗಳೂರು ಒಂದ ಅಲ್ಲೇನ್ರಿ."

ಆಮೇಲೆ ವಕೀಲರು ಅಂದ ಮಾತುಗಳಲ್ಲಿ ಅರ್ಧದಷ್ಟನ್ನು ಬರೆಯುವಂತಿಲ್ಲ. ಉಳಿದದ್ದು ಹೀಗಿತ್ತು: "ಹೋದ ಸಲನ ಕೊನೇ ಅವಕಾಶ ಅಂತ ಬರದಾರ. ಇವತ್ತ ಟೈಮ್ ಕೇಳಿದ್ರ ಅಪೀಲ್ ವಜಾ. ಸ್ಟೇ ಹೋತಂದ್ರ ಆಕಿ ಮೈದುನ ನಾಳೆ ಮುಂಜಾನೆ ಬಂದು ಆಕೀನ್ನ ಮನಿ ಹೊರಗ ಹಾಕ್ತಾನ. ನಾ ಏನಂತ ಹೇಳ್ಲಿ? ನನ್ನ ಕಾರಕೂನಗ ರೈಲು ಹತ್ತೋ ಚಟಾ ಅದ ಅಂತ ಹೇಳ್ಲ್ಯಾ?"

"ಪೆನ್ ತೊಗೊಳ್ರಿ ಸಾಹೇಬ್ರ," ಎಂದ ಅಡಿವೆಪ್ಪ. "ನಾ ಹೇಳತೀನಿ, ಬರಕೊಳ್ರಿ."

ಕಟ್ಟನ್ನು ಅವನು ಬಿಚ್ಚಲಿಲ್ಲ. ಮರದ ಬೊಡ್ಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದ. ದಾವೆ ಹಾಕಿದ ವರ್ಷ. ಕೆಳಗಿನ ಕೋರ್ಟಿನಲ್ಲಿ ಚಂಪವ್ವ ಗೆದ್ದ ತಾರೀಖು. ಜಿಲ್ಲಾ ಕೋರ್ಟಿನಲ್ಲಿ ಸೋತ ತಾರೀಖು. ಆಮೇಲೆ ಅಣ್ಣತಮ್ಮಂದಿರ ಪಾಲು ಬರೆದ ಕಾಗದದ ಮಾತು. "ಮೈದುನ ಹಾಜರ ಮಾಡಿದ ವಾಟ್ನಿ ಪತ್ರ, ನಿಶಾನಿ ಡಿ-ಮೂರು. ಅದರಾಗ ಮನಿ ನಂಬರ ನೂರಾ ನಲವತ್ತೊಂದು ಅಂತ ಬರದಾರ. ಅದು ಚಂಪವ್ವ ಇರೋ ಮನಿ ನಂಬರ ಖರೆ. ಆದ್ರ ನಾಕೂ ದಿಕ್ಕಿನ ಚೆಕ್ಕುಬಂದಿ ಓದ್ರಿ. ಮೂಡಣಕ್ಕ ಬಾವಿ, ಪಡುವಣಕ್ಕ ಹಳ್ಳದ ದಾರಿ. ಅದು ಮನೀದಲ್ರಿ, ಹಿಂದಿನ ದನದ ಕೊಟಗೀದು. ಮೈದುನನ ಪಾಲಿಗೆ ಬಂದಿದ್ದು ಕೊಟಗಿ. ನಂಬರಿಗೂ ಚೆಕ್ಕುಬಂದಿಗೂ ತಂಟೆ ಬಿದ್ರ ಚೆಕ್ಕುಬಂದಿ ಮೇಲು."

"ಅದು ನನಗ ಗೊತ್ತದ. ಕಾನೂನು ಕಲಸಬ್ಯಾಡ, ಪುಟ ಹೇಳು."

"ಜಾಗಾ ನೋಡಿ ಬಂದ ಕೋರ್ಟ್ ಕಮಿಷನರ ನಕಾಶಿ ನಿಶಾನಿ ಸಿ-ಎರಡು, ಎಂಬತ್ತೆಂಟನೇ ಪುಟ. ಕೋರ್ಟಿನ ಕಡತದಾಗ ಮೂಲ ಐತಿ, ಜಡ್ಜ್ ಸಾಹೇಬ್ರು ಅಲ್ಲೇ ನೋಡಬಹುದು. ಜಿಲ್ಲಾ ಕೋರ್ಟು ಅದರ ಸುದ್ದೀನ ಎತ್ತಿಲ್ಲ. ತೀರ್ಪಿನ ಹದಿನೊಂದನೇ ಪ್ಯಾರಾ."

ಇಪ್ಪತ್ತೆರಡು ನಿಮಿಷ ಹೇಳಿದ. ಮುನಿಚನ್ನಪ್ಪ ತರಿಸಿದ ಚಹಾ ಆರಿಹೋಯಿತು. ಫೋನ್ ಇಟ್ಟ ಮೇಲೆ ಮುನಿಚನ್ನಪ್ಪ ಕಟ್ಟನ್ನೂ ಅವನನ್ನೂ ಒಮ್ಮೆ ನೋಡಿದ. "ಇಷ್ಟೆಲ್ಲ ತಲೇಲೇ ಇದ್ರೆ ಈ ಮೂಟೆ ಯಾಕಪ್ಪ ಹೊತ್ಕೊಂಡ್ ತಿರುಗ್ತೀಯ?"

ಇನ್ನು ಕಾಯುವುದೊಂದೇ ಕೆಲಸ. ಹಾಲಿನಲ್ಲಿ ಫೋನು ಬಂದ್. ಹದಿನೇಳನೇ ನಂಬರು ಹನ್ನೊಂದೂವರೆಗೂ ಬರಬಹುದು, ಹನ್ನೆರಡಕ್ಕೂ ಬರಬಹುದು. ಅಡಿವೆಪ್ಪನ ಚಿಂತೆ ಪೂರ್ತಿ ಅಪೀಲಿನದಲ್ಲ. ಕಾಗದ ಬಲವಾಗಿದೆ, ವಕೀಲರು ಬುದ್ಧಿವಂತರು. ಅವನನ್ನು ಕೊರೆಯುತ್ತಿದ್ದುದು ಇವತ್ತು ಆ ಹಾಲಿನ ಕಡೆಯ ಬೆಂಚಿನಲ್ಲಿ ಚಂಪವ್ವ ಕೂತಿದ್ದಾಳೆ ಎಂಬುದು.

ತಡಕೋಡದ ಚಂಪವ್ವ ಹೈಕೋರ್ಟಿನ ಒಳಗನ್ನು ಈವರೆಗೆ ಕಂಡವಳಲ್ಲ. ಗಂಡ ಸತ್ತ ಮೇಲೆ ಹೊಲ ನೋಡಿಕೊಂಡು, ಒಬ್ಬಳೇ ಮಗಳನ್ನು ಕೊಟ್ಟು, ಆ ಮನೆಯಲ್ಲಿ ಸ್ಟೇ ಆರ್ಡರಿನ ಮೇಲೆ ಬದುಕಿದವಳು. ತಾರೀಖಿನ ಮಾರನೇ ದಿನ ತಪ್ಪದೆ ವಕೀಲರ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. "ಏನಾತ್ರಿ ಅಣ್ಣಾರ?" ಎಂದು ಕೇಳುತ್ತಿದ್ದಳು. ಆಗಿರುತ್ತಿದ್ದುದು ಏನು? ಒಂದು ನಂಬರು ಕೂಗುತ್ತಾರೆ, ಯಾರೋ ಎದ್ದು ಏನೋ ಅನ್ನುತ್ತಾರೆ, "ನಾಲ್ಕು ವಾರ" ಅನ್ನುತ್ತಾರೆ, ಮುಂದಿನ ನಂಬರು. ಸೀನುವುದರೊಳಗೆ ಮುಗಿಯುತ್ತದೆ. ಎಷ್ಟೋ ಸಲ ಆ ನಂಬರಿನತನಕವೂ ಬರುತ್ತಿರಲಿಲ್ಲ. ಎರಡು ಬಸ್ಸು ಬದಲಿಸಿ ಬಂದ ಹೆಂಗಸಿಗೆ ಅದನ್ನು ಹೇಗೆ ಹೇಳುವುದು? ಒಂದು ಸಲ, ಅವಳ ಮುಖ ಬಹಳ ಬಾಡಿದ್ದಾಗ, "ಜಡ್ಜ್ ಸಾಹೇಬ್ರು ನಿನ್ನ ಹೆಸರು ಹಿಡಿದು ಕೇಳಿದ್ರವ್ವಾ," ಎಂದುಬಿಟ್ಟಿದ್ದ. ಅವಳು ಆ ದಿನ ಅರಳಿಕೊಂಡು ಹೋದಳು. ಅಲ್ಲಿಗೆ ಬಿಡಬೇಕಿತ್ತು. ಸುಳ್ಳಾದರೂ ಅಳತೆಯಲ್ಲಿರಬೇಕು ಅನ್ನುತ್ತಾರೆ, ಅಡಿವೆಪ್ಪ ಅಳತೆ ಮೀರಿದ. ನ್ಯಾಯಮೂರ್ತಿಗಳು ಎಂಟು ಜನ ಬದಲಾದರು, ಅವನ ಮಾತಿನಲ್ಲಿ ಮಾತ್ರ ಕನ್ನಡಕದ ಒಬ್ಬರೇ ಮುದುಕರು ಉಳಿದರು. ಅವರು ಮಳೆಗಾಲದಲ್ಲಿ ಚಂಪವ್ವನ ಮಾಳಿಗೆ ಸೋರುತ್ತದೆಯೇ ಎಂದು ಕೇಳುತ್ತಿದ್ದರು. ಮೈದುನ ಕಾಟ ಕೊಡುತ್ತಾನೆಯೇ ಎಂದು ವಿಚಾರಿಸುತ್ತಿದ್ದರು. ಒಂದು ಸಲ ಮಗಳ ಬಾಣಂತನವೂ ಬಂದುಹೋಯಿತು.

ಶನಿವಾರ ಅವನು ಫೋನ್ ಮಾಡಿ ತಾರೀಖು ಹೇಳಿದಾಗ ಅವಳು, "ಈಗ ಧಾರವಾಡದಾಗ ಅಲ್ರೀ? ಹಂಗಾರ ನಾನೂ ಬರ್ತೀನಿ. ಸಾಹೇಬ್ರನ್ನ ಒಮ್ಮೆ ಕಣ್ಣಿಲೆ ನೋಡ್ತೀನಿ," ಎಂದಿದ್ದಳು. "ಬಾರವ್ವಾ," ಎಂದಿದ್ದ ಅಡಿವೆಪ್ಪ. ಮಾರನೇ ದಿನ ರೈಲು ಹತ್ತಿದ್ದ. ರೂಢಿ ಎಂದು ಅವನು ಮುನಿಚನ್ನಪ್ಪನಿಗೆ ಹೇಳಿದ, ವಕೀಲರಿಗೂ ಹೇಳಿದ. ಹೆಂಡತಿಗೆ ಫೋನ್ ಮಾಡಿ ಅವಳಿಗೂ ಹಾಗೆಯೇ ಹೇಳಿದ.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ವಕೀಲರ ಫೋನ್ ಬಂತು. ಮುಂಜಾನೆ ಬೈದದ್ದು ಅವರಿಗೆ ಮರೆತೇ ಹೋಗಿತ್ತು.

"ಅಪೀಲ್ ಮಂಜೂರಾತೋ! ಅಲ್ಲೇ ಕೂತು ತೀರ್ಪು ಬರಸಿದ್ರು. ನಿನ್ನ ಚೆಕ್ಕುಬಂದಿ ಹಿಡಕೊಂಡನ ನಡದೆ. ಮಧ್ಯ ಒಂದು ಪ್ರಶ್ನೆ ಹಾಕಿದ್ರು ನೋಡು, ಬಾವಿ ಮನಿಯಿಂದ ಯಾವ ದಿಕ್ಕಿಗದ ಅಂತ. ನಾ ಕೋರ್ಟಿನ ಕಡತದಾಗ ಆ ನಕಾಶಿ ಹುಡುಕ್ಲಿಕ್ಕೆ ಹತ್ತೇನಿ, ಹಿಂದಿಂದ ಚಂಪವ್ವ ಎದ್ದು ನಿಂತ್ಲು. ಜವಾನ ಕೂಡಬೇ ಕೂಡಬೇ ಅಂತಾನ. ಸಾಹೇಬ್ರು, ಇರಲಿ, ಹೇಳಲಿ ಅಂದ್ರು."

"ಏನಂದ್ಲ್ರಿ?"

"ಬಾವಿ ನಮ್ಮ ಮನಿ ಪಡುವಣಕ್ಕ ಐತ್ರೀ ಯಪ್ಪಾ, ದಿನಾ ನೀರು ಸೇದಾಕಿ ನಾನು, ನನಗ ಗೊತ್ತಿಲ್ಲೇನು ಅಂದ್ಲು. ಸಾಹೇಬ್ರು ನಕಾಶಿ ತಗದು ನೋಡಿದ್ರು. ಆಕಿ ಮಾತಿಗೆ ತಾಳೆ ಆತು. ಮುಗೀತು. ಆ ಕಡೆ ವಕೀಲ ಅರ್ಧಾ ತಾಸು ಒದರಿದ, ಉಪಯೋಗ ಆಗ್ಲಿಲ್ಲ."

ಅಡಿವೆಪ್ಪನಿಗೆ ಅಳು ಬಂತು. ಐವತ್ತೆಂಟರ ವಯಸ್ಸಿನಲ್ಲಿ ಬೇರೆಯವರ ಊರಿನ ರಸ್ತೆಯಲ್ಲಿ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಚಂಪವ್ವ ಎಲ್ಲಿ ಅದಾಳ್ರಿ?"

"ಬಸ್ಸಿಗೆ ಅಂತ ಹೋದ್ಲು. ನಿನ್ನ ಕೇಳಿದ್ಲು. ಬೆಂಗಳೂರಿಗೆ ಹೋಗ್ಯಾನ ಅಂದೆ."

ಫೋನ್ ಕೈಯಲ್ಲೇ ಹಿಡಿದು ಅಡಿವೆಪ್ಪ ಮುನಿಚನ್ನಪ್ಪನ ಸ್ಟೂಲಿನ ಮೇಲೆ ಕೂತ. "ಮಾಡಪ್ಪ, ಆ ಯಮ್ಮಂಗೆ ಒಂದ್ ಮಾತಾಡು. ಗೆದ್ದೋರ್ ಹತ್ರ ಮಾತಾಡಕ್ಕೂ ಭಯಾನ?" ಎಂದ ಮುನಿಚನ್ನಪ್ಪ. ಅಡಿವೆಪ್ಪ ಅವಳ ನಂಬರು ಒತ್ತಿದ. ಮಗಳು ಕೊಡಿಸಿದ ಮೊಬೈಲು, ಎತ್ತುವುದನ್ನು ಈಚೆಗೆ ಕಲಿತಿದ್ದಳು.

"ಅಣ್ಣಾರ, ಗೆದ್ದೀವಂತ್ರಿ." ದನಿ ಸಣ್ಣಗಿತ್ತು.

"ಕೇಳಿದ್ನಿ ಯವ್ವಾ. ಭಾಳ ಛಲೋ ಆತು. ನಾ ಇರಬೇಕಿತ್ತು, ತಪ್ಪ ಆತು."

"ಸಾಹೇಬ್ರು ಹರೇದವರು ಅದಾರಲ್ರೀ. ಮುದುಕರು ಅಂತಿದ್ರಿ."

"ಅವರು... ವರ್ಗ ಆಗತಿರತಾರವ್ವಾ."

"ನಮ್ದಕ್ಕಿಂತ ಮದಲ ಹದಿನಾರು ಮಂದೀದು ಬಂತ್ರಿ. ನಾ ಎಣಿಸಿಕೋತ ಕುಂತಿದ್ನಿ. ಯಾರ ಹೆಸರೂ ಹಿಡೀಲಿಲ್ಲ, ನಂಬರ ಅಷ್ಟ. ನಾಕು ವಾರ, ಆರು ವಾರ. ಕಣ್ಣು ಪಿಳಕಿಸೂದ್ರಾಗ ಒಬ್ಬಂದು ಮುಗೀತಿತ್ತು." ಅವಳು ದನಿ ಇಳಿಸಿದಳು. "ಯಾವತ್ತೂ ಹಿಂಗ ಇರತಿತ್ತೇನ್ರಿ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಆ ಸಾಹೇಬರ ಪದ್ಧತಿ ಬೇರೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಹೌದವ್ವಾ," ಎಂದ ಅಡಿವೆಪ್ಪ. "ಯಾವತ್ತೂ ಹಿಂಗ."

ಹೊಸ ಪೀಠ ಇದ್ದದ್ದು ಊರ ಹೊರಗೆ, ಹೆದ್ದಾರಿಯ ಪಕ್ಕ; ಲಾರಿಗಳು ಹೋಗುವ ಸದ್ದು ಒಂದರ ಹಿಂದೊಂದು ಕೇಳಿಸಿತು. ಅಡಿವೆಪ್ಪನಿಗೆ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ಬಸ್ ಬಂತ್ರಿ," ಎಂದಳು ಕೊನೆಗೆ.

ಫೋನ್ ಇಡುವುದನ್ನು ಅವಳು ಇನ್ನೂ ಕಲಿತಿರಲಿಲ್ಲ. "ಧಾರವಾಡ, ಧಾರವಾಡ," ಎಂದು ಕಂಡಕ್ಟರ್ ಕೂಗಿದ್ದು ಕೇಳಿಸಿತು. ಸೀರೆ ಉಜ್ಜಿದ ಸದ್ದು, ಬಾಗಿಲು ಬಡಿದ ಸದ್ದು. ಅಡಿವೆಪ್ಪ ಕತ್ತರಿಸಬೇಕೆಂದು ಬೆರಳಿಟ್ಟ, ಒತ್ತಲಿಲ್ಲ.

"ಜರಗವ್ವಾ ಸ್ವಲ್ಪ," ಎಂದಳು ಚಂಪವ್ವ ಸೀಟಿನಲ್ಲಿದ್ದ ಯಾರಿಗೋ.

"ಎಲ್ಲಿಗ್ ಹೋಗಿದ್ದಿ ಯಕ್ಕಾ ಇಷ್ಟ ಬಿಸಲಾಗ?" ಇನ್ನೊಂದು ಹೆಣ್ಣು ದನಿ.

"ಹೈಕೋರ್ಟಿಗೆ. ಮನೀದು ಕೇಸ್ ಇತ್ತು. ಇವತ್ತ ಆತು ನಮ್ಮ ಕಡೆ."

"ಅಯ್ಯ! ಭಾಳ ದೊಡ್ಡ ಮಂದಿ ಇರತಾರಂತಲ್ಲ ಅಲ್ಲೆ. ನಮ್ಮಂಥವರನ್ನ ಮಾತಾಡಸ್ತಾರೇನ?"

ಬಸ್ಸು ಹೊರಟಿತು. ಏನೋ ಕಡಕಡ ಅಂದಿತು. ಆ ಗದ್ದಲದಲ್ಲಿ ಅವಳ ಉತ್ತರ ತಪ್ಪಿಹೋಗುತ್ತದೇನೋ ಎಂದು ಅಡಿವೆಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಮಾತಾಡಸದ ಏನ," ಎಂದಳು ಚಂಪವ್ವ. ದನಿಗೆ ಈಗ ಕಸುವು ಬಂದಿತ್ತು. "ಮುದುಕ ಮನಶಾ, ದೊಡ್ಡ ಕನ್ನಡಕ. ನಾ ಒಳಗ ಕಾಲಿಡೂದ ತಡ, ಕಾಗದ ಬಾಜೂಕ ಸರಿಸಿ ತಲಿ ಎತ್ತಿ ನೋಡಿದ್ರು. ತಡಕೋಡದ ಚಂಪವ್ವ ಬಂದಾಳೇನು ಅಂದ್ರು..."