ಬಲಗೈ ಇದ್ದ ಹಾಗೆ

ಅವಳ ಮನೆಯಲ್ಲಿ ಯಾರೂ ‘ಹೂಂ ಮತ್ತೆ’ ಅನ್ನುವಂತಿರಲಿಲ್ಲ. ಅಂದರೆ ಸಾಕು, ಅವಳ ಬಲಗೈ ಹಿಟ್ಟಿನಲ್ಲಿರಲಿ, ಸೋಪಿನ ನೊರೆಯಲ್ಲಿರಲಿ, ತಾನಾಗಿ ಎದ್ದು ಇಲ್ಲದ ಕನ್ನಡಕವೊಂದನ್ನು ಮೂಗಿನ ಮೇಲಕ್ಕೆ ತಳ್ಳುತ್ತಿತ್ತು. ಮಗಳು ಫೋನಿನಲ್ಲಿ ಬೇಕೆಂದೇ ಹಾಗೆ ಅಂದು, ಆಚೆ ಕಡೆ ಅಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿ ನಗುತ್ತಿದ್ದಳು.

ಕೈಯದೇನೂ ತಪ್ಪಿರಲಿಲ್ಲ. ಟೀವಿಯಲ್ಲಿ ವರ್ಷಗಟ್ಟಲೆ ವಾರವಾರ ಬಂದ ‘ಗೊಣಗಜ್ಜಿ ಮನೆ’ಯ ಗೊಂಬೆಯಜ್ಜಿಗೆ ಅದೇ ಬಲಗೈಯಾಗಿತ್ತು. ಅವಳ ಅಣ್ಣ ತನ್ನ ಒಂದು ಕೈಯನ್ನು ಅಜ್ಜಿಯ ತಲೆಯೊಳಗೆ ತೂರಿಸಿ ಬಾಯಿ ಆಡಿಸುತ್ತಿದ್ದ, ಇನ್ನೊಂದನ್ನು ಅಜ್ಜಿಯ ಎಡತೋಳಿಗೆ ಹಾಕುತ್ತಿದ್ದ, ದನಿಯೂ ಅವನದೇ. ಮನುಷ್ಯನಿಗೆ ಮೂರನೆಯ ಕೈ ಇಲ್ಲವಲ್ಲ, ಬಲತೋಳಿಗೆ ತಂಗಿ. ಹಲಗೆಯ ಮರೆಯಲ್ಲಿ ಇಬ್ಬರೂ ಒಂದೇ ನೊಗದ ಎತ್ತುಗಳಂತೆ ಭುಜಕ್ಕೆ ಭುಜ ತಾಗಿಸಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಅಜ್ಜಿಯ ಗತಿ ಮುಗಿಯಿತು. ಅದಕ್ಕೇ ಒಂದು ಸನ್ನೆ ಬೇಕಾಗಿತ್ತು.

ಸನ್ನೆ ಹುಟ್ಟಿದ್ದು ಮೊದಲ ದಿನದ ಚಿತ್ರೀಕರಣದಲ್ಲಿ. ಕರಡಿ ಗೊಂಬೆಗೆಂದು ಮಾಡಿದ ಕನ್ನಡಕವನ್ನು ಅವಸರದಲ್ಲಿ ಅಜ್ಜಿಗೆ ಹಾಕಿದ್ದರು. ಹತ್ತಿ ತುಂಬಿದ ಮೂಗಿನಿಂದ ಅದು ಜಾರತೊಡಗಿತು. ತಂಗಿ ಯಾರನ್ನೂ ಕೇಳದೆ ಮೇಲಕ್ಕೆ ತಳ್ಳಿದಳು. ಹೇಳದೆ ಕೈಯಾಡಿಸಿದಳೆಂದು ಅಣ್ಣ ಅವಳ ಪಾದ ತುಳಿದ. ನಿರ್ದೇಶಕ ಮಾತ್ರ ಬಿದ್ದು ಬಿದ್ದು ನಕ್ಕು, ಇದು ಹೀಗೇ ಇರಲಿ ಅಂದ. ಅಂದಿನಿಂದ ಕನ್ನಡಕ ಜಾರುವ ಹೊತ್ತಿಗೆ ಅಣ್ಣ ಅಜ್ಜಿಯ ದನಿಯಲ್ಲೇ ‘ಹೂಂ ಮತ್ತೆ’ ಅನ್ನುವುದು, ತಂಗಿ ತಳ್ಳುವುದು. ಶಾಲೆಯಲ್ಲಿ ಮಕ್ಕಳು, ಅಂಗಡಿಯಲ್ಲಿ ದೊಡ್ಡವರು, ಎಲ್ಲರ ಬಾಯಲ್ಲೂ ಅದೇ ಮಾತು. ಅದು ತಂಗಿಯನ್ನು ಕರೆಯುವ ಕೂಗು ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಯಲ್ಲಿ ಹೆಸರುಗಳು ಓಡುವಾಗ ಗೊಣಗಜ್ಜಿಯ ಪಕ್ಕ ಅಣ್ಣನ ಹೆಸರು. ಅವಳದು ‘ಸಹಾಯ’ ಎಂಬಲ್ಲಿ, ಬಡಗಿಯ ಕೆಳಗೆ.

ಧಾರಾವಾಹಿ ನಿಂತು ಎಷ್ಟೋ ಕಾಲವಾದ ಮೇಲೆ, ಅದರ ತೆರೆಮರೆಯ ಸಂಗತಿಗಳನ್ನು ಹೇಳಿಸುವ ಕಾರ್ಯಕ್ರಮಕ್ಕೆ ಈಗ ಇಬ್ಬರನ್ನೂ ಕರೆದಿದ್ದರು. ಅಣ್ಣ ಫೋನು ಮಾಡಿ, “ಈ ಸಲ ನಿನ್ನ ವಿಷಯ ಹೇಳೇ ಹೇಳ್ತೀನಿ ಕಣೇ, ಆಣೆಗೂ,” ಅಂದಿದ್ದ. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಸ್ಟುಡಿಯೋದ ಕಾರಿಡಾರಿನಲ್ಲಿ ಗೂಟ ಕಿತ್ತ ಕರುವಿನಂತೆ ಅತ್ತಿಂದಿತ್ತ ಅಲೆದಳು. ನೀರಿನ ಬಾಟಲಿಯ ಮುಚ್ಚಳ ತೆಗೆದಳು, ಕುಡಿಯದೆ ಮತ್ತೆ ಹಾಕಿದಳು, ಮತ್ತೆ ತೆಗೆದಳು. ನೆಲ ಸವೆದೀತು ಅಂತ ಜೊತೆಗೆ ಬಂದಿದ್ದ ಮಗಳು ಛೇಡಿಸಿದಳು. ಮಾಮ ಹೇಳದೆ ಹೋದರೆ ಏನು ಮಾಡುತ್ತೀಯ ಅಂತಲೂ ಕೇಳಿದಳು. ತಾಯಿ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು.

ಅಣ್ಣ ಹೇಳಿದ. ಪಕ್ಕದಲ್ಲಿರುವವರು ಯಾರೆಂದು ನಿರೂಪಕಿ ಕೇಳಿದಾಗ ತಂಗಿಯ ಭುಜದ ಮೇಲೆ ಕೈಯಿಟ್ಟು, “ನನ್ನ ತಂಗಿ. ನನಗೆ ಬಲಗೈ ಇದ್ದ ಹಾಗೆ,” ಅಂದ. ಸಭಾಂಗಣ ಚಪ್ಪಾಳೆ ತಟ್ಟಿತು. ನಿರೂಪಕಿ ಅವಳತ್ತ ಬಾಗಿ, ಅಣ್ಣನ ಊಟ ತಿಂಡಿಯನ್ನೆಲ್ಲ ನೀವೇ ನೋಡಿಕೊಳ್ಳುತ್ತಿದ್ದಿರಾ ಎಂದು ಪ್ರೀತಿಯಿಂದ ವಿಚಾರಿಸಿದಳು.

ಇದ್ದ ಹಾಗೆ. ಹೊಲ ಕೊಟ್ಟೆ ಅಂತ ಕರೆದು ಬದು ತೋರಿಸಿದಂತಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು: ಅಜ್ಜಿ ಕನ್ನಡಕ ತಳ್ಳುವ ಉಪಾಯ ಯಾರದು? ಅಣ್ಣ ಗಂಟಲು ಸರಿಮಾಡಿಕೊಂಡು, ಪಾತ್ರಕ್ಕೊಂದು ಚಾಳಿ ಇರಲಿ ಅಂತ ತಾನೇ ನಿದ್ದೆಗೆಟ್ಟು ಯೋಚಿಸಿದ್ದೆಂದು ವಿವರಿಸಿದ. ತುಳಿಸಿಕೊಂಡ ಪಾದ ಚಪ್ಪಲಿಯೊಳಗೆ ಕಾವೇರಿತು.

ಆಮೇಲೆ ಅಜ್ಜಿಯನ್ನು ತಂದರು. ಇಬ್ಬರೂ ಹಲಗೆಯ ಹಿಂದೆ ಕುಳಿತರು. ಅಣ್ಣನ ಮಂಡಿ ಲಟಕ್ಕೆಂದಿತು. ಅಜ್ಜಿ ತಲೆಯೆತ್ತಿದಳು, ಸಭೆಯೆಲ್ಲ ಹೋ ಎಂದಿತು, ತಲೆ ಬಗ್ಗಿತು, ಕನ್ನಡಕ ಜಾರಿತು.

“ಹೂಂ ಮತ್ತೆ.”

ಅವಳ ಬಲಗೈ ಚಂಗನೆ ನೆಗೆಯಿತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಅಜ್ಜಿಯ ತೋಳಿನಿಂದ ಹೊರಗೆಳೆದಳು. ಕೈ ಮೇಕೆಮರಿಯಂತೆ ಕೊಸರಾಡಿತು. ಮಂಡಿಗಳ ನಡುವೆ ಸಿಕ್ಕಿಸಿ ಅದುಮಿ ಹಿಡಿದಳು.

ಅಜ್ಜಿ ಇನ್ನೊಮ್ಮೆ, ಜೋರಾಗಿ ಅಂದಳು. ಕನ್ನಡಕ ಮೂಗಿನ ತುದಿ ದಾಟಿ ಹಲಗೆಯಾಚೆ ಬಿತ್ತು. ಅಣ್ಣ ಬಗ್ಗಿ ಪಿಸುಗುಟ್ಟಿದ.

“ಏನಾಯ್ತೇ? ಕೈ ಹಿಡ್ಕೊಳ್ತಾ?”

“ಕೈ ನೆಟ್ಟಗಿದೆ. ಯಾರದ್ದು ಅಂತ ಹೇಳು.”

“ಹೇಳಿದ್ನಲ್ಲೇ.”

“ಇದ್ದ ಹಾಗೆ ಅಂದೆ. ನಾನು ಇದ್ದ ಹಾಗೆ ಅಲ್ಲ ಅಣ್ಣ. ಇದ್ದೆ.”

ಅಣ್ಣನ ಅಂಗಿಯ ಪಟ್ಟಿಗೆ ಮೈಕು ಸಿಕ್ಕಿಸಿದ್ದು ಇಬ್ಬರಿಗೂ ಮರೆತುಹೋಗಿತ್ತು. ಪಿಸುಮಾತೆಲ್ಲ ಸಭೆಗೆ ಕೇಳಿಸಿತು. ಅಜ್ಜಿಯ ಬಾಯಿ ತೆರೆಯಿತು.

“ಈ ಮುದುಕನಿಗೆ ನಾಚಿಕೆ ಕಣ್ರಪ್ಪಾ. ನನ್ನ ಬಲಗೈ ಇವನ ತಂಗೀದು. ಕನ್ನಡಕ ಮೊದಲು ತಳ್ಳಿದ್ದೂ ಅವಳೇ. ಇವನು ಕಾಲು ತುಳಿದ, ಅಷ್ಟೇ.”

ಸಭೆ ಬಿದ್ದು ಬಿದ್ದು ನಕ್ಕಿತು. ತಂಗಿ ನಗಲಿಲ್ಲ, ಕೈಯನ್ನೂ ಬಿಡಲಿಲ್ಲ.

“ಅಜ್ಜಿ ಹೇಳಿದ್ದಾಯ್ತು. ನೀನು ಹೇಳು.”

ಅಣ್ಣ ಅಜ್ಜಿಯನ್ನು ಕೈಯಿಂದ ಕಳಚಿ ಹಲಗೆಯ ಮೇಲೆ ಮಲಗಿಸಿ, ಅದನ್ನೇ ಊರಿಕೊಂಡು ಎದ್ದು ನಿಂತ. ಗೊಂಬೆಯಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ. ಅವನ ಸ್ವಂತ ದನಿ ಅಜ್ಜಿಯದಕ್ಕಿಂತ ತೆಳ್ಳಗಿತ್ತು.

“ಬಲಗೈ ನನ್ನ ತಂಗೀದೇ. ಉಪಾಯನೂ ಅವಳದ್ದು. ಇವಳನ್ನ ಕರೆಯೋಕೇ ನಾನು ಹೂಂ ಮತ್ತೆ ಅಂತಿದ್ದೆ.”

ಅಷ್ಟರಲ್ಲಿ ಅವಳ ಹಿಡಿತ ಸಡಿಲಾಗಿತ್ತು. ‘ಹೂಂ ಮತ್ತೆ’ ಕಿವಿಗೆ ಬಿದ್ದದ್ದೇ ತಡ, ಸುಕ್ಕುಬಿದ್ದ ಬರಿಗೈಯೊಂದು ಹಲಗೆಯ ಮೇಲೆ ಎದ್ದು ಬಂದು, ಗಾಳಿಯಲ್ಲಿ ಇಲ್ಲದ ಕನ್ನಡಕವನ್ನು ಮೆಲ್ಲಗೆ ತಳ್ಳಿತು. ಆ ಕೈಯನ್ನು ಜನ ಮೊದಲ ಸಲ ನೋಡಿದ್ದು ಆಗಲೇ. ಮುಂದಿನ ಸಾಲಿನಲ್ಲಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ಕ್ಯಾಮೆರಾದವನಿಗೆ ಮಾತ್ರ ತೃಪ್ತಿಯಿರಲಿಲ್ಲ. ಅಜ್ಜಿಗೆ ಕನ್ನಡಕವಿಲ್ಲ, ದನಿಯೆಲ್ಲ ಗಲಾಟೆಯಲ್ಲಿ ಕಲಸಿಹೋಗಿದೆ, ಮೊದಲಿಂದ ತೆಗೆಯಬೇಕು ಅಂದ.

“ಅದನ್ನೂ ಇನ್ನೊಂದ್ಸಲ ಹೇಳ್ಬೇಕಾ?” ಅಣ್ಣ ಕೆಳಗೆ ನೋಡಿ ಕೇಳಿದ.

“ಹೂಂ ಮತ್ತೆ,” ಅಂದಳು ತಂಗಿ.

ಅಣ್ಣ ಹಲಗೆಯಾಚೆ ಬಗ್ಗಿ ಕನ್ನಡಕ ಹುಡುಕತೊಡಗಿದ.